ಹಿಂದಿನ ಖಾಲಿ ಬಸ್ಸು

ನನಗೊಂದು ಕೆಟ್ಟ ಚಟವಿದೆ. ಬೀಡಿಯಲ್ಲ, ಇಸ್ಪೀಟೂ ಅಲ್ಲ. ಅವೆರಡನ್ನೂ ನೌಕರಿಯಲ್ಲಿದ್ದಾಗಲೇ ಬಿಟ್ಟೆ. ಯಾವುದೇ ಕೆಲಸ ಮುಗಿದರೂ ಬೆರಳಿನ ಗೆಣ್ಣಿನಿಂದ ಹತ್ತಿರ ಏನಿದೆಯೋ ಅದನ್ನು ಎರಡು ಸಲ ಕುಟ್ಟುತ್ತೇನೆ. ಊಟ ಮುಗಿದರೆ ತಾಟಿಗೆ ಟಕ್ ಟಕ್. ಸ್ನಾನ ಮುಗಿದರೆ ಬಚ್ಚಲ ಬಾಗಿಲಿಗೆ ಟಕ್ ಟಕ್. ಒಮ್ಮೆ ಸತ್ತವರ ಮನೆಗೆ ಮಾತಾಡಿಸಿಕೊಂಡು ಬರಲು ಹೋದವನು ಎದ್ದು ಬರುವಾಗ ಅವರ ಬಾಗಿಲ ಚೌಕಟ್ಟಿಗೂ ಟಕ್ ಟಕ್ ಎಂದು ಕುಟ್ಟಿಬಿಟ್ಟೆ. ಅವತ್ತು ನನ್ನ ಹೆಂಡತಿ ಗಂಗಾ ಮನೆ ಮುಟ್ಟುವ ತನಕ ನನ್ನ ಸಂಗಡ ಒಂದು ಮಾತೂ ಆಡಲಿಲ್ಲ.

ಏನು ಮಾಡಲಿ ಹೇಳಿ? ಮೂವತ್ತು ವರ್ಷ ವಿಜಯಪುರ, ತಿಕೋಟಾ, ಹೊನವಾಡ, ಬಿಜ್ಜರಗಿ ಎಂದು ಕೆಂಪು ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು. ಒಂದು ಗಂಟೆ ಹೊಡೆದರೆ ನಿಲ್ಲಬೇಕು, ಎರಡು ಹೊಡೆದರೆ ಹೊರಡಬೇಕು. ಗಂಟೆಯ ಹಗ್ಗ ಕಡಿದುಹೋದ ಬಸ್ಸುಗಳೇ ಹೆಚ್ಚಾಗಿದ್ದುದರಿಂದ ತಗಡಿಗೆ ಕುಟ್ಟಿ ಕುಟ್ಟಿ ನನ್ನ ಬಲಗೈಯ ಎರಡು ಗೆಣ್ಣುಗಳು ಇಂದಿಗೂ ದಡ್ಡುಗಟ್ಟಿವೆ. ನಿವೃತ್ತಿಯಾದಾಗ ಇಲಾಖೆಯವರು ಚರ್ಮದ ಚೀಲ ವಾಪಸು ಪಡೆದರು, ಈ ಗೆಣ್ಣುಗಳನ್ನು ನನಗೇ ಬಿಟ್ಟರು.

ಫೋನಿನಲ್ಲಿ ಊರ ಮಂದಿಯೆಲ್ಲ ಬರೆದು ಓದುವ ಆ ದೊಡ್ಡ ಜಾಲತಾಣವನ್ನು ಬಿಟ್ಟ ದಿನವೂ ಹೀಗೇ ಆಯಿತು. 'ನಿಮ್ಮ ಖಾತೆಯನ್ನು ಶಾಶ್ವತವಾಗಿ ಅಳಿಸಬೇಕೆ?' ಎಂದು ಫೋನು ಕೇಳಿತು. ಒಂದು ಸಲವಲ್ಲ, ಮೂರು ಸಲ ಕೇಳಿತು. ಹೆಣ್ಣು ಕೊಡುವವರೂ ಅಷ್ಟು ಸಲ ಕೇಳುವುದಿಲ್ಲ. ಮೂರೂ ಸಲ ಹೌದು ಎಂದು ಒತ್ತಿ, ಕೂತಿದ್ದ ಕುರ್ಚಿಯ ಕೈಗೆ ಟಕ್ ಟಕ್ ಎಂದು ಕುಟ್ಟಿದೆ. ಒಳಗಿನಿಂದ ಗಂಗಾ ಕೇಳಿದಳು, "ಎಲ್ಲಿಗ್ ಹೊಂಟಿತ್ರಿ ಗಾಡಿ?"

ಎಲ್ಲಿಗೆ ಎಂದು ಹೇಳುವ ಮುಂಚೆ, ನಾನು ಅಲ್ಲಿಗೆ ಹೇಗೆ ಹೋಗಿ ಕೂತೆ ಎಂಬುದನ್ನು ಹೇಳಬೇಕು. ನಿವೃತ್ತಿಯಾದ ಮೊದಲ ತಿಂಗಳು ನಾನು ಮನೆಯಲ್ಲಿ ಗಂಗಾಳಿಗೆ ದಾರಿ ಬಿಡದಂತೆ ನಿಲ್ಲುತ್ತಿದ್ದೆನಂತೆ. ಅಡುಗೆಮನೆಯ ಬಾಗಿಲಲ್ಲಿ ನಿಂತು "ಒಳಗ ನಡೀರಿ, ಒಳಗ ನಡೀರಿ" ಎಂದಿದ್ದೂ ಉಂಟಂತೆ. ಬಬಲೇಶ್ವರದಲ್ಲಿ ಸಾಲಿ ಟೀಚರ್ ಆಗಿರುವ ಮಗಳು ಸವಿತಾ ಒಂದು ರವಿವಾರ ಬಂದವಳು ನನ್ನ ಫೋನಿನಲ್ಲಿ ಆ ದೊಡ್ಡ ತಾಣವನ್ನು ಹಾಕಿಕೊಟ್ಟಳು. "ಅಪ್ಪಾ, ನೀ ನಮಗ ಹೇಳಿದ್ದ ಹೇಳ್ತಿ. ಇಲ್ಲಿ ಬರಿ, ಊರ ಮಂದಿ ಓದ್ತಾರ" ಎಂದಳು. ಮಗಳು ಮರ್ಯಾದೆಯಿಂದ ಬಾಯಿ ಮುಚ್ಚಿಸುವ ರೀತಿ ಇದು ಎಂದು ಆಗ ನನಗೆ ಹೊಳೆಯಲಿಲ್ಲ.

ಬರೆದೆ. ಓದಿದರು! ಕಳ್ಳಕವಟಗಿಯ ಸಂತೆಗೆ ಟಗರನ್ನು ಬಸ್ಸು ಹತ್ತಿಸಿ ಅದಕ್ಕೆ ಅರ್ಧ ಟಿಕೆಟ್ಟು ಸಾಕೆಂದು ವಾದಿಸಿದ ಮುದುಕನನ್ನು ಬರೆದೆ. ಕಿಟಕಿಯೊಳಗೆ ಟಾವೆಲ್ ಒಗೆದು ಸೀಟು ಹಿಡಿಯುವವರನ್ನು ಬರೆದೆ. ಟಾವೆಲ್ ಇಲ್ಲದ ಒಬ್ಬ ಪುಣ್ಯಾತ್ಮ ತಲೆಯ ಪಟಕವನ್ನೇ ಬಿಚ್ಚಿ ಒಗೆದಿದ್ದ. ಅದು ಒಳಗೆ ಬಿಚ್ಚಿಕೊಂಡು ಎರಡು ಸಾಲು ಸೀಟು ಹಿಡಿದಿತ್ತು. ಇಂಥವನ್ನು ಹಾಕಿದರೆ ಸಾಕು, ಕೆಳಗೆ ಹೊನವಾಡದವರು, ತಿಕೋಟಾದವರು, ಬಿಜ್ಜರಗಿಯವರು ಬಂದು ಮುಗಿಬೀಳುತ್ತಿದ್ದರು. ಮೆಚ್ಚಿಕೊಂಡು ಸುಮ್ಮನೆ ಹೋಗುವ ಮಂದಿ ಅಲ್ಲ ಅವರು. "ಅದು ಟಗರಲ್ರಿ, ಹೋತ. ನಮ್ಮ ಕಾಕಾಂದು" ಎಂದು ಒಬ್ಬರು. "ಅವತ್ತ ಡ್ರೈವರ್ ಬ್ಯಾರೆ ಇದ್ರು" ಎಂದು ಇನ್ನೊಬ್ಬರು. ಬರೆದವನು ನಾನೊಬ್ಬ, ತಿದ್ದುವವರು ಐವತ್ತು ಮಂದಿ. ತುಂಬಿದ ಬಸ್ಸಿನಲ್ಲಿ ಹೀಗೆಯೇ ಇರುತ್ತದೆ. ಒಬ್ಬರ ಕಾಲಿನ ಮೇಲೆ ಇನ್ನೊಬ್ಬರ ಕಾಲು.

ಅವುಗಳಲ್ಲೆಲ್ಲ ಹೆಚ್ಚು ನಗು ಬಂದದ್ದು ಖಾಲಿ ಬಸ್ಸಿನ ಪ್ರಸಂಗಕ್ಕೆ. ನಿಮಗೂ ಗೊತ್ತಿರಬೇಕು. ಬಸ್ಸು ತುಂಬಿ ಬಾಗಿಲಲ್ಲಿ ಮಂದಿ ಜೋತು ಬಿದ್ದಿರುವಾಗ ಕೆಳಗೆ ಇನ್ನೂ ನಾಲ್ಕು ಜನ ಕೈ ಮಾಡುತ್ತಾರೆ. ಆಗ ಕಂಡಕ್ಟರ್ ಆದವನು ತಲೆ ಹೊರಗೆ ಹಾಕಿ ಒಂದು ಮಂತ್ರ ಹೇಳುತ್ತಾನೆ: "ಹಿಂದ ಖಾಲಿ ಬಸ್ ಬರಾಕತ್ತೈತ್ರಿ!" ಈ ಮಂತ್ರವನ್ನು ತರಬೇತಿಯಲ್ಲಿ ಯಾರೂ ಕಲಿಸುವುದಿಲ್ಲ. ನಾನಂತೂ ನೌಕರಿ ಸೇರುವ ಎಷ್ಟೋ ವರ್ಷ ಮೊದಲೇ ಕಲಿತಿದ್ದೆ. ಬಬಲೇಶ್ವರದ ನಮ್ಮ ಓಣಿಯಲ್ಲಿ ಬಾವಿಯ ಹಳೆಯ ಹಗ್ಗದ ಎರಡು ತುದಿ ಗಂಟು ಹಾಕಿ, ಅದರೊಳಗೆ ಆರೇಳು ಹುಡುಗರು ನಿಂತರೆ ಅದೇ ಬಸ್ಸು. ಬೇವಿನ ಎಲೆ ಟಿಕೆಟ್ಟು. ಚಿಗವ್ವನ ಮಗ ಈರಣ್ಣ ಎಲ್ಲರಿಗಿಂತ ಸಣ್ಣವ, ಓಡಲಾರ, ಬಿದ್ದು ಎಲ್ಲರನ್ನೂ ಬೀಳಿಸುವವ. ಅವನಿಗೆ ನಾನು ಹೇಳುತ್ತಿದ್ದೆ, "ನೀ ಇಲ್ಲೇ ನಿಂದರಲೇ, ಹಿಂದ ಖಾಲಿ ಬಸ್ ಬರ್ತೈತಿ." ನಾವು ಹನುಮಪ್ಪನ ಗುಡಿ ಸುತ್ತು ಹಾಕಿ, ಬೇರೆ ಆಟ ಹೂಡಿ, ಅದನ್ನೂ ಮುಗಿಸಿ ಮನೆಗೆ ಬರುವ ಹೊತ್ತಿಗೂ ಅವನು ಓಣಿಯ ತಿರುವಿನಲ್ಲಿ ಎಲೆ ಹಿಡಿದುಕೊಂಡು ನಿಂತಿರುತ್ತಿದ್ದ. ಚಿಗವ್ವ ಬಂದು ಅವನನ್ನು ಎತ್ತಿಕೊಂಡು ಹೋಗುತ್ತ ನನ್ನ ಕಡೆ ನೋಡುತ್ತಿದ್ದ ನೋಟ ನೆನಪಿದೆ. ಆದರೆ ನಾನು ಅದನ್ನು ಬರೆಯುವಾಗ ನಗುವಂತೆಯೇ ಬರೆದೆ. ಮಂದಿ ನಕ್ಕರು.

ಇನ್ನು, ನಾನು ಆ ದೊಡ್ಡದನ್ನು ಏಕೆ ಬಿಟ್ಟೆ? ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಿದ್ದೇನೆ: ಗದ್ದಲ. ಸುಳ್ಳು ಸುದ್ದಿ, ಬೈಗುಳ, ಮಂಡಿನೋವಿನ ಎಣ್ಣೆಯ ಜಾಹೀರಾತು, ಜಾತಿಜಾತಿಯವರ ಜಗಳ. ಇದೆಲ್ಲ ಇತ್ತು, ಸುಳ್ಳಲ್ಲ. ಹೋಗುವ ಮುಂಚೆ ಒಂದು ದೊಡ್ಡ ನಿವೇದನೆಯನ್ನೂ ಬರೆದು ಹಾಕಿದೆ. 'ಮನಸ್ಸಿನ ನೆಮ್ಮದಿಗಾಗಿ' ಎಂಬ ಮಾತು ಅದರಲ್ಲಿ ಎರಡು ಸಲ ಬಂದಿತ್ತು. ಓದಿದ ಗಂಗಾ, "ಹಿಮಾಲಯಕ್ಕ ಹೊಂಟಿರೇನು? ಅಂಗಿ ಇಸ್ತ್ರಿ ಮಾಡ್ಲಿ?" ಎಂದಳು.

ಈಗ ನಿಮ್ಮ ಮುಂದೆ ನಿಜ ಹೇಳಿಬಿಡುತ್ತೇನೆ. ನಿವೇದನೆಗೆ ಎರಡು ದಿನ ಮುಂಚೆ ನಾನೊಂದು ಬರಹ ಹಾಕಿದ್ದೆ. ನನ್ನ ಸೇವೆಯ ಬಗ್ಗೆ, ಸ್ವಲ್ಪ ಎದೆ ಉಬ್ಬಿಸಿಯೇ ಬರೆದದ್ದು. ಅದರ ಕೊನೆಯ ಸಾಲು ಹೀಗಿತ್ತು: 'ಎರಡು ಗಂಟೆ ಹೊಡೆಯುವ ಮುನ್ನ ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಓಡಿ ಬರುತ್ತಿರುವವರನ್ನು ಬಿಟ್ಟು ಮೂವತ್ತು ವರ್ಷದಲ್ಲಿ ಒಮ್ಮೆಯೂ ಬಸ್ಸು ಬಿಟ್ಟವನಲ್ಲ.' ಖಾಲಿ ಬಸ್ಸಿನ ಸುಳ್ಳು ಏನಿದ್ದರೂ ನಿಂತವರಿಗೆ, ಓಡಿ ಬರುವವರಿಗಲ್ಲ ಎಂಬುದು ನನ್ನ ಧರ್ಮಶಾಸ್ತ್ರ. ಭೇಷ್ ಎಂದವರೇ ಎಲ್ಲ. ಅವರ ನಡುವೆ ಒಂದು ಸಾಲು ಬಂತು. ಹೆಸರು ಕಸ್ತೂರಿ ಹೊನವಾಡ, ಚಿತ್ರದ ಜಾಗದಲ್ಲಿ ಒಂದು ದ್ರಾಕ್ಷಿ ಗೊನೆ.

'ಒಮ್ಮೆ ಬಿಟ್ಟೀರಿ ನೋಡ್ರಿ. ತಿಕೋಟಾ ಸ್ಟ್ಯಾಂಡಿನ್ಯಾಗ.'

ಅಷ್ಟೇ. ಬೈಗುಳವಿಲ್ಲ, ಒಂದು ಕೆಟ್ಟ ಮಾತಿಲ್ಲ. ಅದರ ಕೆಳಗೆ ಹತ್ತಾರು ಮಂದಿ ನಗುವ ಮುಖ ಒತ್ತಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಎರಡೂ ಹೆಗಲು ಮುಟ್ಟಿಕೊಂಡೆ. 'ಯಾವಾಗ ತಂಗಿ?' ಎಂದು ಬರೆದೆ, ಅಳಿಸಿದೆ. 'ನಿಮಗೆ ತಪ್ಪು ತಿಳುವಳಿಕೆ' ಎಂದು ಬರೆದೆ, ಅದನ್ನೂ ಅಳಿಸಿದೆ. ಮರುದಿನ ಇಡೀ ಆ ದ್ರಾಕ್ಷಿ ಗೊನೆ ಕಣ್ಣ ಮುಂದೆಯೇ ಇತ್ತು. ಮೂರನೆಯ ದಿನ ನನಗೆ ಲೋಕದ ಗದ್ದಲದ ಮೇಲೆ ವೈರಾಗ್ಯ ಬಂತು.

ಸವಿತಾ ಒಂದು ಸಣ್ಣ ತಾಣವನ್ನು ತೋರಿಸಿದಳು. ಯಾರೋ ಕೆಲವರು ಕನ್ನಡದವರು ಸೇರಿ ನಡೆಸುವುದಂತೆ. ಜಾಹೀರಾತಿಲ್ಲ, ಕೂಗಾಟವಿಲ್ಲ, ಇರುವವರೂ ಬಹಳಿಲ್ಲ. ದೊಡ್ಡದನ್ನು ಅಳಿಸುವ ಮುಂಚೆ ನನ್ನ ಹಳೆಯ ಬರಹಗಳನ್ನೆಲ್ಲ ಅಲ್ಲಿಗೆ ಸಾಗಿಸಿಕೊಟ್ಟವಳೂ ಅವಳೇ. ಸಾಗಿಸುವಾಗ ಒಂದು ಮಾತು ಕೇಳಿದ್ದಳು. "ಅಪ್ಪಾ, ನಿನ್ನೂವಷ್ಟ ಬರ್ತಾವು. ಕೆಳಗ ಮಂದಿ ಬರದದ್ದು ಬರಂಗಿಲ್ಲ. ನಡೀತೈತೇನು?"

"ಅದ್ಯಾತಕ್ಕ ಬೇಕು? ಕಸಾ ಅದು" ಎಂದೆ.

ಹೀಗೆ ಸಣ್ಣದಕ್ಕೆ ಬಂದು ಕೂತೆ. ಮೊದಮೊದಲು ಏನು ಸುಖ! ಕಾಲು ಚಾಚಬಹುದು, ಕಿಟಕಿಯ ಪಕ್ಕದ ಸೀಟು, ಯಾರ ಮೊಣಕೈಯೂ ತಾಗುವುದಿಲ್ಲ. ಮೈಸೂರಿನವರೊಬ್ಬರು, ಉಡುಪಿಯ ಕಡೆಯವರಿಬ್ಬರು, ಇನ್ನೊಂದಿಷ್ಟು ದೂರದೂರದ ಸಜ್ಜನರು. ನಾನು ಏನು ಬರೆದರೂ 'ಸೊಗಸಾಗಿದೆ ಸರ್' ಎನ್ನುತ್ತಿದ್ದರು. ಟಗರನ್ನು ಒಂಟೆ ಎಂದು ಬರೆದಿದ್ದರೂ ಸೊಗಸಾಗಿದೆ ಎನ್ನುತ್ತಿದ್ದರೋ ಏನೋ. ನನ್ನ ಓದುಗರಾದ ಊರ ಮಂದಿ ಒಬ್ಬರೂ ಬರಲಿಲ್ಲ. ನಿವೇದನೆಯಲ್ಲಿ ಹೊಸ ಜಾಗದ ವಿಳಾಸ ಕೊಟ್ಟಿದ್ದೆ. ಆದರೆ ನಮ್ಮ ಕಡೆ ಮದುವೆಗೆ ಪತ್ರಿಕೆ ಕಳಿಸಿದರೆ ಯಾರು ಬರುತ್ತಾರೆ? ಹೊಸ್ತಿಲಿಗೆ ಹೋಗಿ, ಕುಂಕುಮ ಹಚ್ಚಿ, ಹೆಸರು ಹಿಡಿದು ಕರೆಯಬೇಕು. ನಾನು ಗೋಡೆಗೆ ಚೀಟಿ ಅಂಟಿಸಿ ಬಂದವನು.

ಒಂದು ವರ್ಷ ಹೀಗೇ ಹೋಯಿತು. ಒಂದು ದಿನ ಯಾರದೋ ಕಾರಿನಲ್ಲಿ ತಿಕೋಟಾದ ಕಡೆ ಹೋಗುತ್ತಿದ್ದೆ. ದಾರಿಯಲ್ಲಿ ನಮ್ಮ ಹಳೆಯ ನಿಲುಗಡೆಯೊಂದು ಬಂತು. ಹಿಂದಿನ ವಾರವಷ್ಟೇ ಅದರ ಬಗ್ಗೆ ಬರೆದಿದ್ದೆ, 'ಆ ಆಲದ ಮರದ ನೆರಳಿನಲ್ಲಿ' ಎಂದು, ಬಿಳಲುಗಳನ್ನೂ ಸೇರಿಸಿ. ನೋಡಿದರೆ ಅಲ್ಲಿ ನಿಂತಿದ್ದದ್ದು ಬೇವಿನ ಮರ! ಮೂವತ್ತು ವರ್ಷ ದಿನಕ್ಕೆ ನಾಲ್ಕು ಸಲ ಅದರ ಕೆಳಗೆ ಗಂಟೆ ಹೊಡೆದವನು ನಾನು. ದೊಡ್ಡದರಲ್ಲಿ ಬರೆದಿದ್ದರೆ ಐದು ನಿಮಿಷದೊಳಗೆ ಯಾರಾದರೂ "ಆಲದ ಗಿಡ ಎಲ್ಲೈತ್ರೀ ಯಪ್ಪಾ, ಕನಸಿನ್ಯಾಗ?" ಎಂದು ಕೇಳಿರುತ್ತಿದ್ದರು. ಇಲ್ಲಿ ಹನ್ನೆರಡು ಜನ ಆ ಆಲದ ನೆರಳಿನಲ್ಲಿ ಕೂತು ಹೋಗಿದ್ದರು.

ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು. ಮರವೇ ತಪ್ಪಾದರೆ ಉಳಿದದ್ದರ ಗತಿ ಏನು? ಸಂಜೆ ಕೂತು ನನ್ನ ಹಳೆಯ ಬರಹಗಳನ್ನು ಓದಿಕೊಂಡೆ. ಸಪ್ಪಗಿದ್ದವು. ಅವುಗಳ ರುಚಿಯೆಲ್ಲ ಇದ್ದದ್ದು ಕೆಳಗೆ. ಹೋತವೆಂದವನಲ್ಲಿ, ಡ್ರೈವರ್ ಬೇರೆ ಎಂದವನಲ್ಲಿ. ಕಸವೆಂದು ನಾನು ಬಿಟ್ಟು ಬಂದದ್ದು ಅದನ್ನೇ. ತೆರೆದು ನೋಡೋಣವೆಂದರೆ ಶಾಶ್ವತವಾಗಿ ಅಳಿಸಿದ್ದೇನೆ, ಮೂರು ಸಲ ಹೌದು ಎಂದು ಹೇಳಿ. ಓದುತ್ತಾ ಓದುತ್ತಾ ಎದೆಯುಬ್ಬಿಸಿದ ಆ ಬರಹಕ್ಕೆ ಬಂದೆ. ಅದರ ಕೆಳಗೆ ಈಗ ಇಲ್ಲಿಯ ಸಜ್ಜನರ ಬರೀ ಶಭಾಸ್‌ಗಿರಿ. ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಆ ಒಂದು ಸಾಲು ಅಲ್ಲಿರಲಿಲ್ಲ.

ಗಂಗಾಳಿಗೆ ಹೇಳಿದೆ. ಅವಳಿಗೆ ಅಲ್ಲಿಯ ತನಕ ಈ ಸಂಗತಿ ಗೊತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಆಕಿ ಹೆಸರ ಗೊತ್ತೈತಿ, ಊರ ಗೊತ್ತೈತಿ, ಊರಿಗ್ ಬಸ್ ಐತಿ. ವರ್ಷಗಟ್ಲೆ ಏನ್ ಕಾಯಾಕತ್ತೀರಿ?" ಎಂದಳು.

ಹೋದೆ. ಹೊನವಾಡದಲ್ಲಿ ಇಳಿದು ಚಹಾ ಅಂಗಡಿಯಲ್ಲಿ ಕೇಳಿದರೆ, ಊರ ಹೊರಗಿನ ದ್ರಾಕ್ಷಿ ಪಡ ತೋರಿಸಿದರು. ತೋಟದ ಬದಿಗೆ ಒಣದ್ರಾಕ್ಷಿ ಮಾಡುವ ಶೆಡ್ಡು. ಅದರ ಬಲೆಯ ಮೇಲೆ ಹರವಿದ ಹಣ್ಣಿನಲ್ಲಿ ಕೈಯಾಡಿಸುತ್ತ ಒಬ್ಬ ಹೆಂಗಸು ನಿಂತಿದ್ದಳು. ವಯಸ್ಸು ಐವತ್ತರ ಆಜೂಬಾಜೂ, ತಲೆಯ ಮೇಲೆ ಸೆರಗು, ಸೊಂಟಕ್ಕೆ ಸಿಕ್ಕಿಸಿದ ಫೋನು. ನಾನು ಹೆಸರು ಹೇಳುವ ಮುಂಚೆಯೇ ಗುರುತು ಹಿಡಿದಳು.

"ಅಯ್ಯ! ಕಂಡಕ್ಟರ್ ಅಣ್ಣಾರ! ಬರ್ರಿ ಬರ್ರಿ. ನೀವ ಹ್ಯಾಂಗ್ ಬಂದ್ರಿ ಇಲ್ಲಿಗಿ?"

ಮನೆಗೆ ಕರೆದುಕೊಂಡು ಹೋಗಿ ಚುಮ್ಮರಿ ಸೂಸಲ ಕೊಟ್ಟಳು, ಚಹಾ ಕೊಟ್ಟಳು. ಮಳೆ, ಬೆಳೆ, ಈ ವರ್ಷದ ಹಣ್ಣಿನ ಮಾತಾಯಿತು. ನನ್ನ ಬಾಯಿಗೆ ಬರಬೇಕಾದದ್ದು ಬರಲೊಲ್ಲದು. ಕಡೆಗೆ ಬಸಿ ಕೆಳಗಿಟ್ಟು ಕೇಳಿದೆ. "ತಂಗಿ, ನೀ ಅವತ್ತ ಒಂದ್ ಮಾತ ಬರದಿದ್ದಿ. ತಿಕೋಟಾದಾಗ ಬಿಟ್ಟಿದ್ದೆ ಅಂತ. ಖರೇನ?"

"ಖರೇ ಅಲ್ದ ಯಾಕ ಬರೀಲ್ರಿ?" ಎಂದಳು. ಸಿಟ್ಟಿರಲಿಲ್ಲ. ನಿಧಾನವಾಗಿ ಹೇಳಿದಳು. ಆಗ ಅವಳು ಹತ್ತೊಂಬತ್ತು ವರ್ಷದವಳು, ಮದುವೆಯಾಗಿರಲಿಲ್ಲ. ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳು. ವಿಜಯಪುರದಲ್ಲಿ ಹತ್ತು ಗಂಟೆಗೆ ಸಂದರ್ಶನ. ತಿಕೋಟಾದ ತನಕ ಊರವರ ಟ್ರ್ಯಾಕ್ಟರಿನಲ್ಲಿ ಬಂದು ಇಳಿದಾಗ ನನ್ನ ಬಸ್ಸು ಹೊರಡುವುದರಲ್ಲಿತ್ತು. ಫೈಲು ಎದೆಗವಚಿಕೊಂಡು ಓಡಿ ಬಂದಳಂತೆ.

"ನಾ ನಿನ್ನ ನೋಡಿರಲಿಕ್ಕಿಲ್ಲ, ತಂಗಿ" ಎಂದೆ. ವರ್ಷವಿಡೀ ನಾನು ನೆಚ್ಚಿಕೊಂಡಿದ್ದ ಊರುಗೋಲು ಅದೊಂದೇ.

"ನೋಡಿದ್ರಿ" ಎಂದಳು. "ತಲಿ ಹೊರಗ ಹಾಕಿ ನನ್ನ ಮಾರಿನ ನೋಡಿದ್ರಿ. ನೋಡಿ, ಹಿಂದ ಖಾಲಿ ಬಸ್ ಬರಾಕತ್ತೈತಿ ಅಂದ್ರಿ. ಆಮ್ಯಾಲ ಎರಡ್ ಸಲ ಬಡದ್ರಿ."

ಬಲಗೈಯ ಗೆಣ್ಣುಗಳನ್ನು ಎಡಗೈಯಿಂದ ಮುಚ್ಚಿಕೊಂಡೆ.

"ಒಂದ್ ಟೆಂಪೋದವ ಬಂದಿದ್ದ, ಬಾ ಅಂದ. ನಾ ಒಲ್ಲೆ ಅಂದೆ. ಕಂಡಕ್ಟರ್ ಹೇಳ್ಯಾರ, ಹಿಂದ ಖಾಲಿ ಬಸ್ ಐತಿ ಅಂದೆ. ಹತ್ತೂವರಿ ತನಕಾ ಕುಂತೆ ನೋಡ್ರಿ ಅಲ್ಲಿ." ಅವಳು ನಕ್ಕಳು. "ಹುಚ್ಚಿ ನಾ. ಸರ್ಕಾರದ ಮನಷ್ಯಾ ಸುಳ್ಳ ಹೇಳ್ತಾನೇನು ಅಂದ್ಕೊಂಡಿದ್ದೆ."

ಅವಳು ಮುಟ್ಟುವ ಹೊತ್ತಿಗೆ ಅಲ್ಲಿ ಹೆಸರು ಕರೆದು ಮುಗಿದಿತ್ತಂತೆ. ಅದೇ ವರ್ಷ ಮದುವೆಯಾಯಿತು. ಈಗ ತೋಟವಿದೆ, ಇಬ್ಬರು ಮಕ್ಕಳಿದ್ದಾರೆ, ಯಾವುದಕ್ಕೂ ಕಡಿಮೆಯಿಲ್ಲ. "ಹೋಗಿದ್ರೂ ಆಗ್ತಿತ್ತೋ ಇಲ್ಲೋ, ಯಾರಿಗ್ ಗೊತ್ರಿ? ಅದನ್ನ ನಿಮ್ಮ ತಲಿಮ್ಯಾಲ ಹೊರಸಾಕ ನಾ ಬರದಿದ್ದಿಲ್ಲ" ಎಂದಳು. ಖಾಲಿ ಬಸಿ ಎತ್ತಿಕೊಳ್ಳುತ್ತ ಹೇಳಿದಳು, "ನಿಮಗ ನೆನಪೈತೇನು ಅಂತ ಕೇಳೂದಿತ್ತು, ಅಷ್ಟ. ಮೂರನೇ ದಿನಾ ತಗದು ನೋಡ್ತೀನಿ, ನೀವ ಇಲ್ಲ. ಮತ್ತೊಮ್ಮಿ ಬಿಟ್ಟ ಹೋದ್ರಲ್ಲಾ ಇವರು ಅಂತ ಮಕ್ಕಳ ಮುಂದ ಹೇಳಿ ನಕ್ಕಿನಿ."

ನೆನಪಿತ್ತು. ಅವಳು ಹೇಳುತ್ತಿದ್ದಂತೆಯೇ ಬಂತು. ಬಿಳಿ ರವಿಕೆ, ಎದೆಗವಚಿದ ಕಂದು ಫೈಲು, ಎತ್ತಿದ ಕೈ. ಆ ವಾರ ಎರಡು ಸಲ ತಡವಾಗಿ ಹೋಗಿ ಕಂಟ್ರೋಲರ್ ಹತ್ತಿರ ಬೈಸಿಕೊಂಡಿದ್ದೆ. ಬಸ್ಸು ತುಂಬಿತ್ತು ನಿಜ, ಆದರೆ ಒಬ್ಬ ಹುಡುಗಿ ನಿಲ್ಲುವಷ್ಟು ಜಾಗ ತಿಕೋಟಾ ಬಸ್ಸಿನಲ್ಲಿ ಯಾವತ್ತು ಇರಲಿಲ್ಲ? ನಿಲ್ಲಿಸಬೇಕೆಂದು ಅನಿಸಲಿಲ್ಲ, ಅಷ್ಟೇ. ಮೂವತ್ತು ವರ್ಷದಲ್ಲಿ ಒಮ್ಮೆ ಎಂದು ಅವಳೇ ಉದಾರವಾಗಿ ಬರೆದಿದ್ದಳು. ಬರೆಯದ ಕಸ್ತೂರಿಯರು ಇನ್ನೆಷ್ಟು ಜನ ಆ ಸ್ಟ್ಯಾಂಡುಗಳಲ್ಲಿ ಕೂತಿದ್ದರೋ ನನಗೆ ಗೊತ್ತಿಲ್ಲ.

"ತಪ್ಪಾತು ತಂಗಿ" ಎಂದೆ. ಅವಳಿಗೆ ಸಂಕೋಚವಾಗಿ ಒಳಗೆ ಎದ್ದು ಹೋದಳು.

ಹೊರಡುವಾಗ ಒಂದು ಡಬ್ಬಿಯ ತುಂಬ ಒಣದ್ರಾಕ್ಷಿ ಕೊಟ್ಟಳು. ಬಾಗಿಲಲ್ಲಿ ನಿಂತು ನಾನು ಒಂದು ಮಾತು ಹೇಳಿದೆ. ಈ ಸಲ ಹೊಸ್ತಿಲಿಗೆ ಬಂದು, ಹೆಸರು ಹಿಡಿದು. "ಕಸ್ತೂರವ್ವಾ, ನಾ ಈಗ ಬ್ಯಾರೆ ಸಣ್ಣದೊಂದರಾಗ ಬರೀತೀನಿ. ನೀನೂ ಬಾ ಅಲ್ಲಿ. ತಪ್ಪಿದ್ದಲ್ಲಿ ಹೇಳಾಕ ಒಬ್ಬರು ಬೇಕು ನನಗ."

"ಮತ್ತ ಯಾರ್ ಯಾರ್ ಅದಾರ್ರಿ ಅಲ್ಲಿ? ನಮ್ಮ ಕಡಿ ಮಂದಿ?"

"ನಮ್ಮ ಕಡ್ಯಾವ್ರು ಯಾರೂ ಇಲ್ಲ. ಗದ್ದಲಿಲ್ಲ, ಆರಾಮ ಐತಿ."

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. "ಖಾಲಿ ಐತಿ ಅನ್ರಿ. ಬ್ಯಾಡ್ರೀ ಅಣ್ಣಾರ. ನಾ ಒಮ್ಮಿ ನಿಮ್ಮ ಖಾಲಿ ಬಸ್ಸಿನ ಹಾದಿ ಕಾದಾಕಿ. ಸಾಕು."

ಊರಿಗೆ ಬಂದು ಮಾಡಿದ ಮೊದಲ ಕೆಲಸ, ಆ ಎದೆಯುಬ್ಬಿಸಿದ ಬರಹವನ್ನು ತೆರೆದದ್ದು. ಅಳಿಸಬೇಕೆಂದೇ ಕೂತಿದ್ದೆ. ಆದರೆ ಅಳಿಸುವುದನ್ನು ಈಗಾಗಲೇ ಒಮ್ಮೆ ಮಾಡಿ ನೋಡಿದ್ದೇನಲ್ಲ. ಅದಕ್ಕೆ ಅದರ ಕೆಳಗೆ ನಾನೇ ಬರೆದೆ: 'ಒಮ್ಮೆ ಬಿಟ್ಟಿದ್ದೇನೆ. ತಿಕೋಟಾ ಸ್ಟ್ಯಾಂಡಿನಲ್ಲಿ. ನೋಡಿಯೇ ಬಿಟ್ಟೆ.' ಸ್ವಲ್ಪ ಹೊತ್ತಿಗೆ ಮೈಸೂರಿನ ಸಜ್ಜನರು ಉತ್ತರಿಸಿದರು, 'ನಿಮ್ಮ ವಿನಯ ದೊಡ್ಡದು ಸರ್.' ಇದು ವಿನಯವಲ್ಲ ಎಂದು ಅವರಿಗೆ ಹೇಗೆ ತಿಳಿಸುವುದೋ ನನಗೆ ಹೊಳೆಯಲಿಲ್ಲ. ಅವರು ತಿಕೋಟಾ ನೋಡಿದವರಲ್ಲ.

ಆಮೇಲೆ ದಿನಾ ಬೆಳಿಗ್ಗೆ ಚಹಾ ಕುಡಿಯುತ್ತ ಆ ಸಣ್ಣದನ್ನು ತೆಗೆದು ನೋಡುತ್ತೇನೆ. ಯಾರಾದರೂ ದ್ರಾಕ್ಷಿ ಗೊನೆಯ ಚಿತ್ರ ಹಾಕಿಕೊಂಡವರು ಬಂದಾರೇನೋ ಎಂದು. ಬರುವುದಿಲ್ಲ ಎಂದು ಅವಳು ಬಾಯಿಬಿಟ್ಟು ಹೇಳಿದ್ದಾಳೆ, ಆದರೂ ನೋಡುತ್ತೇನೆ. ಗಂಗಾ ರೊಟ್ಟಿಯ ಹಂಚಿನ ಮುಂದಿನಿಂದ ಕೇಳುತ್ತಾಳೆ, "ಬಂತೇನ್ರಿ?"

"ಇನ್ನಾ ಇಲ್ಲ" ಎನ್ನುತ್ತೇನೆ. ಟಕ್ ಟಕ್ ಎಂದು ಕುಟ್ಟಲು ಕೈ ಏಳುವುದಿಲ್ಲ. ಫೋನು ಮುಚ್ಚಿಟ್ಟು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂರುತ್ತೇನೆ. ಆ ಹುಡುಗಿ ಅವತ್ತು ಹತ್ತೂವರೆಯ ತನಕ ಕೂತಿದ್ದಳು.